ಪಕ್ಕದ ಅಂಗಡಿಯವರು ನಿಮ್ಮ ವೈರಿಗಳಲ್ಲ

ಚನ್ನಪಟ್ಟಣದ ಗೊಂಬೆ ಕಾರ್ಖಾನೆಗಳ ಹೊಸ ತಲೆಮಾರಿನವರಿಗೆ,



ಅಪ್ಪ ಇನ್ನೂ ಲೇತ್ ಮುಂದೆ ಕೂರುತ್ತಾರೆ, ಗಲ್ಲಾಪೆಟ್ಟಿಗೆಯ ಬೀಗದ ಕೈ ದೊಡ್ಡಪ್ಪನ ಹತ್ತಿರ ಇದೆ, ವಾಟ್ಸ್ಆಪ್‌ನಲ್ಲಿ ಬರುವ ಆರ್ಡರು ನೋಡಿಕೊಳ್ಳುವ ಕೆಲಸ ಮಾತ್ರ ನಿಮ್ಮದು. ಬಿ.ಕಾಂ. ಅಥವಾ ಡಿಪ್ಲೊಮಾ ಮುಗಿಸಿ ಮನೆಯ ಶೆಡ್ಡಿಗೆ ಮರಳಿದವರು, ಮರಳಬೇಕೋ ಬೇಡವೋ ಎಂದು ಇನ್ನೂ ಅಳೆದೂ ಸುರಿಯುತ್ತಿರುವವರು, ನಿಮಗೆಂದೇ ಈ ಪತ್ರ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಂದು ಊರನ್ನು ಬಳಸಿಕೊಂಡು ಹೋದ ಮೇಲೆ ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಯಿತು. ಇದ್ದಬದ್ದ ಗಿರಾಕಿಗಾಗಿ ಅಕ್ಕಪಕ್ಕದವರೇ ದರ ಇಳಿಸಿ ಪೈಪೋಟಿಗೆ ಬಿದ್ದರೆ ಏನಾಗುತ್ತದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ವೈರಿ ಯಾರು ಎಂದು ಕೇಳಿದರೆ ಎಲ್ಲರೂ ಚೀನಾದ ಕಡೆ ಕೈ ತೋರಿಸುತ್ತಾರೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿಯಿಂದ ಬಿಐಎಸ್ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. ನೋಂದಾಯಿತ ಕರಕುಶಲಿಗಳಿಗೂ ಜಿಐ (ಭೌಗೋಳಿಕ ಗುರುತು) ಪಡೆದ ಆಟಿಕೆಗಳಿಗೂ ಅದರಿಂದ ವಿನಾಯಿತಿ ಸಿಕ್ಕಿತು. ಇದರಿಂದ ನಿಮಗೆ ಉಸಿರಾಡಲು ಒಂದಿಷ್ಟು ಜಾಗ ಸಿಕ್ಕಿದೆ, ನಿಜ. ಆದರೆ ಜಗತ್ತಿನ ದೊಡ್ಡ ದೊಡ್ಡ ಆಟಿಕೆ ಮನೆತನಗಳ ಕಥೆ ಓದುತ್ತ ಹೋದಂತೆ ನನಗೆ ಬೇರೆಯೇ ಒಂದು ಅನುಮಾನ ಗಟ್ಟಿಯಾಗಿದೆ. ಆ ಮನೆಗಳನ್ನು ಎದುರಾಳಿಗಳು ಬೀಳಿಸಿದ್ದು ಕಡಿಮೆ. ಯಜಮಾನಿಕೆ ಯಾರದು, ಹೆಸರು ಯಾರದು ಎಂಬ ಎರಡು ಮಾತು ಇತ್ಯರ್ಥವಾಗದೆ ಅವು ಒಳಗಿನಿಂದಲೇ ಬಿದ್ದವು, ಇಲ್ಲವೇ ಬೀಳುವುದರಲ್ಲಿದ್ದವು. ಎದುರಾಳಿ ಆಮೇಲೆ ಬಂದು ಬಿದ್ದದ್ದನ್ನು ಬಾಚಿಕೊಂಡ, ಅಷ್ಟೆ.

ಮೊದಲು ಹ್ಯಾಸ್‌ಬ್ರೊ ಕಥೆ ಹೇಳುತ್ತೇನೆ. ನಿಮ್ಮ ಮನೆಗಳಿಗೆ ಅದೇ ಹೆಚ್ಚು ಹತ್ತಿರದ್ದು.

ಪೋಲೆಂಡಿನಿಂದ ವಲಸೆ ಬಂದ ಹ್ಯಾಸನ್‌ಫೆಲ್ಡ್ ಎಂಬ ಯಹೂದಿ ಮನೆತನದ ಅಣ್ಣತಮ್ಮಂದಿರು 1923ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ತುಂಡುಬಟ್ಟೆಯ ವ್ಯಾಪಾರ ಶುರು ಮಾಡಿದರು. ಆ ತುಂಡುಗಳನ್ನೇ ಹೊದಿಸಿ ಮಕ್ಕಳ ಪೆನ್ಸಿಲ್ ಡಬ್ಬಿ ಮಾಡಿದರು. ಪೆನ್ಸಿಲ್ ಒದಗಿಸುತ್ತಿದ್ದ ಕಂಪನಿ ತಾನೂ ಡಬ್ಬಿ ಮಾಡಿ ಇವರಿಗಿಂತ ಅಗ್ಗಕ್ಕೆ ಮಾರಲು ಹೊರಟಾಗ ಹೆನ್ರಿ ಹ್ಯಾಸನ್‌ಫೆಲ್ಡ್ ತಾವೇ ಪೆನ್ಸಿಲ್ ತಯಾರಿಕೆಗೆ ಇಳಿದರು. ಆಟಿಕೆ ಬಂದದ್ದು ಆಮೇಲೆ, 40ರ ದಶಕದಲ್ಲಿ, ಡಾಕ್ಟರು–ನರ್ಸು ಆಟದ ಪೆಟ್ಟಿಗೆಗಳ ರೂಪದಲ್ಲಿ. 1952ರಲ್ಲಿ ಮಿಸ್ಟರ್ ಪೊಟೇಟೊ ಹೆಡ್ ಬಂತು. ಕಣ್ಣು, ಮೂಗು, ಮೀಸೆ ಮಾತ್ರ ಡಬ್ಬಿಯಲ್ಲಿ; ಆಲೂಗಡ್ಡೆ ಮನೆಯದೇ! ಟೆಲಿವಿಷನ್‌ನಲ್ಲಿ ಜಾಹೀರಾತು ಕಂಡ ಮೊದಲ ಆಟಿಕೆ ಅದು.

1960ರಲ್ಲಿ ಹೆನ್ರಿ ತೀರಿಕೊಂಡರು. ಮಕ್ಕಳಲ್ಲಿ ಮೆರಿಲ್ ಆಟಿಕೆ ನೋಡಿಕೊಂಡರು, ಹೆರಾಲ್ಡ್ ದೂರದ ಟೆನೆಸೀಯಲ್ಲಿ ಪೆನ್ಸಿಲ್ ಕಾರ್ಖಾನೆ. ಪೆನ್ಸಿಲ್‌ನಲ್ಲಿ ಲಾಭ ಸಣ್ಣದು, ಆದರೆ ವರ್ಷವೂ ಬರುವಂಥದು. ಆಟಿಕೆ ಹಾಗಲ್ಲ. ಒಂದು ವರ್ಷ ಹೊನ್ನು, ಇನ್ನೊಂದು ವರ್ಷ ಮಣ್ಣು. 1964ರಲ್ಲಿ ಜಿ.ಐ. ಜೋ ಎಂಬ ಸೈನಿಕನ ಗೊಂಬೆ ತಂದು ಗೆದ್ದರು (ಹುಡುಗರು ಗೊಂಬೆ ಆಡುವುದಿಲ್ಲ ಎಂದು ಅದನ್ನು ಗೊಂಬೆ ಅನ್ನದಂತೆ ಮಾರಾಟಗಾರರಿಗೆಲ್ಲ ತಾಕೀತಾಗಿತ್ತು). ಮುಂದೆ ಮಕ್ಕಳ ಶಾಲೆ ನಡೆಸಲು ಹೋಗಿ ತಲೆನೋವು ತಂದುಕೊಂಡರು. ನನ್ನ ಪೆನ್ಸಿಲ್ ದುಡ್ಡು ನಿನ್ನ ಆಟಿಕೆಯ ಗುಂಡಿ ತುಂಬಲು ಹೋಗುತ್ತಿದೆ ಎಂಬುದು ಹೆರಾಲ್ಡ್ ಅವರ ಕೊರಗಾಗಿತ್ತು. 1979ರಲ್ಲಿ ಮೆರಿಲ್ ತೀರಿಕೊಂಡು ಅವರ ಮಗ ಸ್ಟೀಫನ್ ಯಜಮಾನನಾಗುವ ಹೊತ್ತಿಗೆ ಕೊರಗು ಜಗಳವಾಯಿತು. ತಮ್ಮನ ಮಗನ ಕೈಕೆಳಗೆ ನಾನು ಕೆಲಸ ಮಾಡುವುದಿಲ್ಲ ಎಂದರು ದೊಡ್ಡಪ್ಪ.

ನಮ್ಮ ಕಡೆ ಇಂಥ ಕಥೆ ಇಲ್ಲಿಂದ ಮುಂದೆ ಕೋರ್ಟು, ತಡೆಯಾಜ್ಞೆ, ಮದುವೆ ಮನೆಯಲ್ಲೂ ಮಾತಿಲ್ಲ ಎಂಬಂತೆ ಸಾಗುತ್ತದೆ. ಅವರು 1980ರಲ್ಲಿ ಪಾಲಾದರು. ಪೆನ್ಸಿಲ್ ಹೆರಾಲ್ಡ್‌ಗೆ, ಆಟಿಕೆ ಸ್ಟೀಫನ್‌ಗೆ. ಪಾಲಾದರೆ ಮನೆ ಹಾಳು ಎಂಬ ನಂಬಿಕೆ ನಮ್ಮದು. ಇಲ್ಲಿ ಪಾಲಾದದ್ದೇ ಮನೆಯನ್ನು ಉಳಿಸಿತು ಎನ್ನುತ್ತೇನೆ ನಾನು. ಸ್ಟೀಫನ್ ಮಾಲಿನ ಪಟ್ಟಿಯನ್ನು ಕತ್ತರಿಸಿದರು, ಜಿ.ಐ. ಜೋವನ್ನು ಸಣ್ಣ ಗಾತ್ರದಲ್ಲಿ ಮತ್ತೆ ಎಬ್ಬಿಸಿದರು, ಮೈ ಲಿಟಲ್ ಪೋನಿ ತಂದರು, ಜಪಾನಿನ ಟಕಾರಾ ಕಂಪನಿಯ ಆಟಿಕೆಗಳ ಹಕ್ಕು ಪಡೆದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಮಾಡಿದರು. ಅದೇ ವರ್ಷ 1860ರಷ್ಟು ಹಳೆಯ ಮಿಲ್ಟನ್ ಬ್ರಾಡ್ಲಿ ಕಂಪನಿಯನ್ನು ಕೊಂಡರು. 80ರ ದಶಕದ ನಡುವಿಗೆ ಹ್ಯಾಸ್‌ಬ್ರೊ ಎದುರಾಳಿ ಆಟಿಕೆ ಕಂಪನಿ ಮ್ಯಾಟೆಲ್ಲನ್ನು ಹಿಂದಿಕ್ಕಿತ್ತು. ಇದನ್ನೆಲ್ಲ ಮಾಡಿದ ಸ್ಟೀಫನ್ 1989ರಲ್ಲಿ, 47ನೇ ವಯಸ್ಸಿಗೆ, ಏಡ್ಸ್‌ನಿಂದ ತೀರಿಕೊಂಡರು.

ಗದ್ದುಗೆ ತಮ್ಮ ಆಲನ್‌ಗೆ ಬಂತು. ಕಾಲೇಜಿನಲ್ಲಿ ಕಥೆ ಬರೆಯುವುದನ್ನು ಓದಿದ ಮನುಷ್ಯ. ದೊಡ್ಡವನು ನಡೆಸುತ್ತಾನೆ, ನಾನು ದೇಶ ಸುತ್ತಿ ವ್ಯಾಪಾರ ನೋಡಿಕೊಂಡರೆ ಸಾಕು ಎಂದಿದ್ದವರ ಹೆಗಲಿಗೆ ನೊಗ ಬಿತ್ತು. ನಿಮ್ಮಲ್ಲಿ ಎಷ್ಟು ಜನ ತಮ್ಮಂದಿರು ಈ ಮಾತಿಗೆ ತಲೆಯಾಡಿಸುತ್ತೀರೋ! ಆಲನ್ 1991ರಲ್ಲಿ ಟೋಂಕಾ ಕಂಪನಿಯನ್ನು, ಅದರ ಜೊತೆಗೆ ಪಾರ್ಕರ್ ಬ್ರದರ್ಸ್ ಮತ್ತು ಕೆನ್ನರ್ ಎಂಬ ಹೆಸರುಗಳನ್ನು ಕೊಂಡರು. 1996ರ ಜನವರಿಯಲ್ಲಿ ಮ್ಯಾಟೆಲ್ ಬಂದು ಸುಮಾರು 520 ಕೋಟಿ ಡಾಲರಿಗೆ ನಿಮ್ಮ ಕಂಪನಿಯನ್ನೇ ಕೊಡಿ ಎಂದಿತು. ಷೇರಿನ ಬೆಲೆಗಿಂತ ಎಷ್ಟೋ ಮೇಲಿನ ಮೊತ್ತ. ಮನೆತನದ ಹೆಸರಿಗಿಂತ ದುಡ್ಡು ದೊಡ್ಡದು ಎಂದುಕೊಂಡಿದ್ದರೆ ಅಂದೇ ಮುಗಿಯುತ್ತಿತ್ತು. ಇಬ್ಬರು ದೊಡ್ಡವರು ಒಂದಾದರೆ ಇಡೀ ಸಂತೆಯೇ ಒಬ್ಬನ ಕೈಗೆ ಹೋಗುತ್ತದೆ ಎಂದು ಆಲನ್ ಸರಕಾರದವರ ಮುಂದೆ, ಪತ್ರಿಕೆಗಳ ಮುಂದೆ ಹುಯಿಲೆಬ್ಬಿಸಿದರು. ಕೆಲವೇ ದಿನಗಳಲ್ಲಿ ಮ್ಯಾಟೆಲ್ ಹಿಂದೆ ಸರಿಯಿತು. ಅದೇ ಆಲನ್ 2003ರಲ್ಲಿ ಸಿಇಒ ಹುದ್ದೆ ಬಿಟ್ಟು ಅಲ್‌ಫ್ರೆಡ್ ವೆರೆಕಿಯಾ ಎಂಬವರನ್ನು ಕೂರಿಸಿದರು. 1965ರಲ್ಲಿ ಲೆಕ್ಕ ಬರೆಯಲು ಸೇರಿದ್ದವರು ಅವರು. ಹೊರಗಿನವನಿಗೆ ಕೊಳ್ಳಲು ಬಿಡದವರು ಹೊರಗಿನವನಿಗೆ ನಡೆಸಲು ಬಿಟ್ಟರು. ಇವೆರಡೂ ಬೇರೆ ಬೇರೆ ಎಂದು ತಿಳಿಯುವುದರಲ್ಲೇ ಅರ್ಧ ಯಜಮಾನಿಕೆ ಇದೆ.

ಮ್ಯಾಟೆಲ್ ಕಥೆ ಇದರ ತದ್ವಿರುದ್ಧ. 1945ರಲ್ಲಿ ಲಾಸ್ ಏಂಜಲೀಸ್ ಕಡೆಯ ಒಂದು ಗ್ಯಾರೇಜಿನಲ್ಲಿ ಹೆರಾಲ್ಡ್ ಮ್ಯಾಟ್ಸನ್ ಮತ್ತು ಎಲಿಯಟ್ ಹ್ಯಾಂಡ್ಲರ್ ಫೋಟೊ ಚೌಕಟ್ಟು ಮಾಡಿ, ಉಳಿದ ಚೂರುಗಳಲ್ಲಿ ಗೊಂಬೆಮನೆಗೆ ಮೇಜು ಕುರ್ಚಿ ಮಾಡುತ್ತಿದ್ದರು. ಮ್ಯಾಟ್ಸನ್ ಬೇಗನೆ ಪಾಲು ಮಾರಿ ಹೊರಟರು. ಎಲಿಯಟ್ ಮಾಡುವುದು, ಹೆಂಡತಿ ರೂತ್ ಮಾರುವುದು ಎಂದಾಯಿತು. 1955ರಲ್ಲಿ ಮಿಕ್ಕಿ ಮೌಸ್ ಕ್ಲಬ್ ಎಂಬ ಟಿವಿ ಕಾರ್ಯಕ್ರಮಕ್ಕೆ ವರ್ಷಪೂರ್ತಿ ಜಾಹೀರಾತು ಕೊಡಲು ಟಿವಿಯವರು 5 ಲಕ್ಷ ಡಾಲರ್ ಕೇಳಿದರು. ಕಂಪನಿಯ ಒಟ್ಟು ಆಸ್ತಿಯೇ ಹೆಚ್ಚುಕಡಿಮೆ ಅಷ್ಟಿತ್ತು. ದಂಪತಿ ಒಪ್ಪಿಬಿಟ್ಟರು. ಅಲ್ಲಿಯವರೆಗೆ ಅಂಗಡಿಯವನು ಎತ್ತಿ ಕೊಟ್ಟದ್ದನ್ನು ತಂದೆತಾಯಿ ಕೊಳ್ಳುತ್ತಿದ್ದರು. ಆಮೇಲೆ ಮಕ್ಕಳೇ ಹೆಸರು ಹಿಡಿದು ಕೇಳತೊಡಗಿದರು.

1959ರ ಮಾರ್ಚ್ 9ರಂದು ನ್ಯೂಯಾರ್ಕ್ ಆಟಿಕೆ ಮೇಳದಲ್ಲಿ ಬಾರ್ಬಿ ಬಂದಳು. ರೂತ್ ಯುರೋಪ್ ಪ್ರವಾಸದಲ್ಲಿ ಕಂಡ ಬಿಲ್ಡ್ ಲಿಲ್ಲಿ ಎಂಬ ಜರ್ಮನ್ ಗೊಂಬೆಯೇ ಅದಕ್ಕೆ ಮಾದರಿ. ಹೆಸರು ಮಗಳು ಬಾರ್ಬರಾಳದು. ಎದೆ ಮೂಡಿದ ಗೊಂಬೆಯನ್ನು ಯಾವ ತಾಯಿ ಕೊಳ್ಳುತ್ತಾಳೆ ಎಂದು ಗಂಡಸರೆಲ್ಲ ಮೂಗು ಮುರಿದರು, ಮೊದಮೊದಲು ಎಲಿಯಟ್ ಕೂಡ. ಗೊಂಬೆ ಒಮ್ಮೆ ಮಾರಾಟವಾಗುತ್ತದೆ, ಅದರ ಬಟ್ಟೆಬರೆ ವರ್ಷಗಟ್ಟಲೆ ಮಾರಾಟವಾಗುತ್ತದೆ ಎಂಬ ಲೆಕ್ಕ ರೂತ್‌ಗೆ ಹೊಳೆದಿತ್ತು. ಹ್ಯಾಸ್‌ಬ್ರೊದವರ ಸೈನಿಕನೂ ಇದೇ ಲೆಕ್ಕದ ನಕಲು. ನಮ್ಮ ಹೆಣ್ಣುಮಕ್ಕಳಿಗೆ ಇಲ್ಲಿ ಒಂದು ಮಾತು: ಬಣ್ಣ ಹಾಕಲು, ಪ್ಯಾಕ್ ಮಾಡಲು ನೀವು ಬೇಕು, ದರ ನಿಗದಿ ಮಾಡಲು ಬೇಡ ಎಂದು ಯಾರಾದರೂ ಅಂದರೆ ರೂತ್ ಹ್ಯಾಂಡ್ಲರ್ ಹೆಸರು ಹೇಳಿ.

ಆದರೆ ಅವರ ಕಥೆ ಪೂರ್ತಿ ಹೇಳಿ. 70ರ ದಶಕದಲ್ಲಿ ಮ್ಯಾಟೆಲ್ ಸರ್ಕಸ್ ಕಂಪನಿಯನ್ನೂ ಕೊಂಡುಕೊಂಡು ಅಡ್ಡಾದಿಡ್ಡಿ ಬೆಳೆಯಿತು. ಲಾಭ ಕುಸಿದಾಗ ಆಗದ ಮಾರಾಟವನ್ನು ಆಯಿತೆಂದು ಪುಸ್ತಕದಲ್ಲಿ ತೋರಿಸಲಾಯಿತು. 1975ರಲ್ಲಿ ದಂಪತಿ ತಾವೇ ಕಟ್ಟಿದ ಕಂಪನಿಯಿಂದ ಹೊರಬಿದ್ದರು. 1978ರಲ್ಲಿ ಸುಳ್ಳು ಲೆಕ್ಕದ ಆರೋಪ ರೂತ್ ಮೇಲೆ ಬಂತು. ಅವರು ಎದುರು ವಾದಿಸಲಿಲ್ಲ. 57 ಸಾವಿರ ಡಾಲರ್ ದಂಡ, 2,500 ಗಂಟೆ ಸಮುದಾಯ ಸೇವೆ. 2023ರ ಬಾರ್ಬಿ ಸಿನಿಮಾದಲ್ಲಿ ರೂತ್ ಕರುಣಾಮಯಿ ಅಜ್ಜಿಯಾಗಿ ಬರುತ್ತಾರೆ; ತೆರಿಗೆ ಇಲಾಖೆಯ ಕಾಟದ ಬಗ್ಗೆ ಒಂದು ತಮಾಷೆಯಲ್ಲಿ ಈ ಅಧ್ಯಾಯ ಮುಗಿದುಹೋಗುತ್ತದೆ. ಇಂದು ಮ್ಯಾಟೆಲ್‌ನಲ್ಲಿ ಹ್ಯಾಂಡ್ಲರ್ ಮನೆತನದ ಯಜಮಾನಿಕೆ ಇಲ್ಲ. ಮಗಳ ಹೆಸರು ಗೊಂಬೆಯ ಮೇಲಿದೆ, ಮಗ ಕೆನೆತ್‌ನ ಹೆಸರು ಅದರ ಜೊತೆಗಾರನ ಮೇಲಿದೆ, ಕಂಪನಿ ಅವರಿಬ್ಬರಿಗೂ ಸಿಗಲಿಲ್ಲ. ಯಾವ ಪ್ರತಿಸ್ಪರ್ಧಿ ಅವರನ್ನು ಹೊರಗೆ ಹಾಕಿದ? ಹ್ಯಾಸ್‌ಬ್ರೊ ಅಂತೂ ಅಲ್ಲ.

ಹೆಸರಿನ ಮಾತಿಗೆ ಬರೋಣ. ಲೂಯಿ ಮಾರ್ಕ್ಸ್ ಎಂಬ ತಗಡು ಆಟಿಕೆಗಳ ದೊರೆ ಒಬ್ಬರಿದ್ದರು. 1955ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಮೆರೆದವರು. ದೊಡ್ಡ ಅಂಗಡಿಗಳಿಗೆ ಅಗ್ಗಕ್ಕೆ ಸರಬರಾಜು ಮಾಡಿದರೆ ಸಾಕು, ಜಾಹೀರಾತು ದಂಡ ಎಂಬುದು ಅವರ ನಂಬಿಕೆ. ಲಿಲ್ಲಿ ಗೊಂಬೆಯ ಹಕ್ಕು ಪಡೆದು 1961ರಲ್ಲಿ ಮ್ಯಾಟೆಲ್ ಮೇಲೆ ದಾವೆ ಹೂಡಿದವರೂ ಅವರೇ. ದಾವೆ ರಾಜಿಯಲ್ಲಿ ಮುಗಿಯಿತು, 1964ರಲ್ಲಿ ಲಿಲ್ಲಿಯ ಹಕ್ಕನ್ನೇ ಮ್ಯಾಟೆಲ್ ಕೊಂಡುಬಿಟ್ಟಿತು. ಮಾರ್ಕ್ಸ್ 1972ರಲ್ಲಿ ಕಂಪನಿಯನ್ನು ಓಟ್ಸ್ ಮಾಡುವ ಕ್ವೇಕರ್‌ನವರಿಗೆ ಮಾರಿದರು. ಹತ್ತು ವರ್ಷದೊಳಗೆ ಅದು ಮುಳುಗಿತು.   ನಿಮ್ಮಲ್ಲಿ ಬೆಂಗಳೂರಿನ ಬ್ರಾಂಡುಗಳಿಗೆ ಜಾಬ್‌ವರ್ಕ್ ಮಾಡಿಕೊಡುವವರು ಮಾರ್ಕ್ಸ್ ಕಥೆಯನ್ನು ಎರಡು ಸಲ ಓದಿ. ಗಿಲಕಿ ನಿಮ್ಮದು, ಡಬ್ಬಿಯ ಮೇಲಿನ ಹೆಸರು ಅವರದು. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಬಂದಿದೆ. ಅಂಥ ಕಡೆ ಸಾವಿರಾರು ಕೈಗಳಿಗೆ ಕೆಲಸ ಸಿಗುವುದು ಒಳ್ಳೆಯದೇ. ಆದರೆ ಗುತ್ತಿಗೆ ತಯಾರಿಕೆಯಲ್ಲಿ ಕೂಲಿ ನಿಮ್ಮದಾಗುತ್ತದೆ, ಹೆಸರು ಆಗುವುದಿಲ್ಲ.

ಕೆಲಸ ಕಲಿತ ಹುಡುಗ ನಾಳೆ ಎದ್ದು ಹೋಗಿ ತನ್ನದೇ ಲೇತ್ ಹಾಕಿಕೊಂಡು ನಿಮ್ಮ ಮಾದರಿಯನ್ನೇ ಇಳಿಸುತ್ತಾನೆ ಎಂಬ ದೂರಿಗೂ ಅಲ್ಲೊಂದು ಉದಾಹರಣೆ ಇದೆ. ಮ್ಯಾಟೆಲ್‌ನ ವಿನ್ಯಾಸಕಾರನೊಬ್ಬ ಬರೆದ ಚಿತ್ರಗಳಿಂದ ಎಂಜಿಎ ಎಂಬ ಕಂಪನಿ 2001ರಲ್ಲಿ ಬ್ರಾಟ್ಜ್ ಗೊಂಬೆ ತಂದಿತು. ಆ ಚಿತ್ರ ಬರೆದಾಗ ಅವನು ನಮ್ಮ ಸಂಬಳದಲ್ಲಿದ್ದ ಎಂದಿತು ಮ್ಯಾಟೆಲ್. 2008ರಲ್ಲಿ ಮ್ಯಾಟೆಲ್‌ಗೆ 10 ಕೋಟಿ ಡಾಲರ್ ಎಂದು ತೀರ್ಪಾಯಿತು, 2010ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು, 2011ರಲ್ಲಿ ಜ್ಯೂರಿ ಎಂಜಿಎ ಪರ ನಿಂತಿತು. ಅಷ್ಟು ವರ್ಷ ಹಬ್ಬ ಮಾಡಿದವರು ವಕೀಲರು.

ಈಗ ಡೆನ್ಮಾರ್ಕಿನ ಬಿಲ್ಲುಂಡ್‌ಗೆ ಬನ್ನಿ. ಮರ ಹಿಡಿದು ಬದುಕಿದ ಒಬ್ಬರ ಊರು. ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ, ಮನೆ ಕಟ್ಟಿಸುವವರು ಇಲ್ಲದ ಆರ್ಥಿಕ ಮುಗ್ಗಟ್ಟಿನಲ್ಲಿ, 1932ರಲ್ಲಿ ಮರದ ಆಟಿಕೆ ಮಾಡತೊಡಗಿದ. ಅದೇ ಮುಂದೆ ಲೆಗೊ ಆಯಿತು. ಮಗ ಗಾಡ್‌ಫ್ರೆಡ್ ಒಂದು ದಿನ ಖುಷಿಯಿಂದ ಬಂದು, ಬಾತುಕೋಳಿಗಳಿಗೆ ಮೂರು ಸಲ ಹೊಡೆಯುವ ವಾರ್ನಿಶ್ ಎರಡೇ ಸಲ ಹೊಡೆದು ದುಡ್ಡು ಉಳಿಸಿದೆ ಎಂದನಂತೆ. ಅಪ್ಪ ಅವನನ್ನು ರೈಲ್ವೆ ಸ್ಟೇಷನ್ನಿಗೆ ಅಟ್ಟಿ, ಕಳಿಸಿದ್ದ ಪೆಟ್ಟಿಗೆಗಳನ್ನು ವಾಪಸು ತರಿಸಿ, ಮೂರನೇ ವಾರ್ನಿಶ್ ಅವನ ಕೈಯಲ್ಲೇ ಹೊಡೆಸಿದ. ಆಲೆ ಮರದ ಮೇಲೆ ಅರಗು ಏರಿಸಿ ತಾಳೆಗರಿ ಹಿಡಿದು ಹೊಳಪು ತರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಲೆಗೊದವರನ್ನು ಋಷಿಗಳು ಮಾಡುವುದು ಬೇಡ. ಅವರ 1949ರ ಪ್ಲಾಸ್ಟಿಕ್ ಇಟ್ಟಿಗೆಗೆ ಮಾದರಿ ಇಂಗ್ಲೆಂಡಿನ ಹಿಲರಿ ಪೇಜ್ ಎಂಬವರ ಕಿಡ್ಡಿಕ್ರಾಫ್ಟ್ ಇಟ್ಟಿಗೆ. ಪೇಜ್ 1957ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ತಮ್ಮ ಇಟ್ಟಿಗೆ ಡೆನ್ಮಾರ್ಕಿನಲ್ಲಿ ಏನಾಯಿತು ಎಂಬುದು ಅವರಿಗೆ ಗೊತ್ತೇ ಆಗಲಿಲ್ಲ. ಇಟ್ಟಿಗೆಯೊಳಗೆ ಕೊಳವೆಯಿಟ್ಟು ಬಿಗಿಯಾಗಿ ಕೂರುವಂತೆ ಮಾಡಿದ ಬುದ್ಧಿ ಮಾತ್ರ ಲೆಗೊದ್ದೇ. ಅದಕ್ಕೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಹಾಕಿದರು. ಪೇಟೆಂಟ್ ಮುಗಿದ ಮೇಲೆ ಕೆನಡಾದ ಮೆಗಾ ಬ್ಲಾಕ್ಸ್ ಅದೇ ಥರದ ಇಟ್ಟಿಗೆ ಮಾಡಿತು. ಆಕಾರವೇ ನಮ್ಮ ಟ್ರೇಡ್‌ಮಾರ್ಕ್ ಎಂದು ಲೆಗೊ ವಾದಿಸಿತು. ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ ಒಪ್ಪಲಿಲ್ಲ. ಲೆಗೊ ಆಕಾರ ಕಳೆದುಕೊಂಡಿತು, ಹೆಸರು ಕಳೆದುಕೊಳ್ಳಲಿಲ್ಲ. ಗಿರಾಕಿ ಹೆಸರಿಗೇ ದುಡ್ಡು ಕೊಡುತ್ತಿದ್ದಾನೆ.

ಮನೆಯೊಳಗಿನ ಕಥೆಯೂ ಇದೆ. 1960ರಲ್ಲಿ ಮರದ ಆಟಿಕೆಗಳ ಉಗ್ರಾಣ ಸುಟ್ಟುಹೋಯಿತು. ಇನ್ನು ಪ್ಲಾಸ್ಟಿಕ್ ಒಂದೇ ಎಂದರು ಗಾಡ್‌ಫ್ರೆಡ್. ಅಣ್ಣತಮ್ಮಂದಿರಲ್ಲಿ ಇಬ್ಬರು ಒಪ್ಪದೆ ಹೊರನಡೆದರು, ಅವರ ಪಾಲನ್ನು ಗಾಡ್‌ಫ್ರೆಡ್ ಕೊಂಡರು. ಮೂರನೇ ತಲೆಮಾರಿನ ಕೆಲ್ಡ್ ಕಾಲದಲ್ಲಿ, 2003–04ರಲ್ಲಿ, ಕಂಪನಿ ದಿವಾಳಿಯ ಅಂಚಿಗೆ ಬಂತು: ಥೀಮ್ ಪಾರ್ಕು, ಬಟ್ಟೆ, ಗಡಿಯಾರ, ವಿಡಿಯೊ ಗೇಮು, ಸಾವಿರಾರು ಬಗೆಯ ಬಿಡಿಭಾಗ. ಕೆಲ್ಡ್ ಮನೆತನದ ದುಡ್ಡು ತಂದು ಸುರಿದರು, ತಾವು ಎದ್ದು ಯಾರ್ಗೆನ್ ವಿಗ್ ನುಡ್‌ಸ್ಟಾರ್ಪ್ ಎಂಬ 35ರ ತರುಣನನ್ನು ಕೂರಿಸಿದರು. ಅವನು ಪಾರ್ಕುಗಳ ದೊಡ್ಡ ಪಾಲು ಮಾರಿ, ಬಿಡಿಭಾಗಗಳ ಬಗೆ ಅರ್ಧಕ್ಕೆ ಇಳಿಸಿ, ಇಟ್ಟಿಗೆಗೆ ಮರಳಿದ. 2014ರ ಮೊದಲರ್ಧದಲ್ಲಿ ಲೆಗೊ ಮಾರಾಟದಲ್ಲಿ ಮ್ಯಾಟೆಲ್ಲನ್ನು ದಾಟಿತು. ಕಂಪನಿಯ ಮುಕ್ಕಾಲು ಪಾಲು ಇಂದಿಗೂ ಮನೆತನದ ಕಿರ್ಕ್‌ಬಿ ಸಂಸ್ಥೆಯದು, ಉಳಿದ ಕಾಲು ಲೆಗೊ ಪ್ರತಿಷ್ಠಾನದ್ದು. ನಾಲ್ಕನೇ ತಲೆಮಾರಿನವರು ಅಧ್ಯಕ್ಷರ ಕುರ್ಚಿಯಲ್ಲಿದ್ದಾರೆ.

ಮೂರನೇ ವಾರ್ನಿಶ್ ಬಿಟ್ಟವರ ಗತಿ ತಿಳಿಯಬೇಕಿದ್ದರೆ 2007 ನೋಡಿ. ಚೀನಾದ ಗುತ್ತಿಗೆ ಕಾರ್ಖಾನೆಯಲ್ಲಿ ಸೀಸದ ಬಣ್ಣ ಬಳಸಿದ್ದು ಗೊತ್ತಾಗಿ ಮ್ಯಾಟೆಲ್ ಲಕ್ಷಾಂತರ ಆಟಿಕೆ ಹಿಂದಕ್ಕೆ ಕರೆಸಿತು. ಆ ಕಾರ್ಖಾನೆಯ ಪಾಲುದಾರ ಪ್ರಾಣ ಕಳೆದುಕೊಂಡ. ಅದೇ ವರ್ಷ ಅಯಸ್ಕಾಂತ ಕಳಚುವ ಆಟಿಕೆಗಳನ್ನೂ ಹಿಂದಕ್ಕೆ ಕರೆಸಬೇಕಾಯಿತು. ಅಲ್ಲಿ ತಪ್ಪು ನಮ್ಮ ವಿನ್ಯಾಸದ್ದೇ ಎಂದು ಮ್ಯಾಟೆಲ್ ಚೀನಾದ ಕ್ಷಮೆ ಕೇಳಿತು. ಮಗು ಬಾಯಿಗಿಟ್ಟುಕೊಂಡರೂ ಹೆದರಬೇಕಿಲ್ಲ ಎಂಬ ಮಾತನ್ನು ಅಂಥ ಕಂಪನಿಗಳು ಕೋಟಿ ಸುರಿದು ಗಳಿಸಬೇಕು. ಅರಿಶಿನ, ನೀಲಿ, ಅರಗು ಇವುಗಳಿಂದ ಅದು ನಿಮಗೆ ಅಜ್ಜನ ಕಾಲದಿಂದ ಬಂದಿದೆ. ಹತ್ತು ರೂಪಾಯಿ ಉಳಿಸಲು ರಾಸಾಯನಿಕ ಬಣ್ಣ ಹಾಕಿ ಅದನ್ನೇ ಚನ್ನಪಟ್ಟಣದ ಗೊಂಬೆ ಎಂದು ಮಾರುವವರು ಊರಲ್ಲಿದ್ದರೆ, ನಿಮ್ಮ ಬುಡಕ್ಕೆ ಕೊಡಲಿ ಅವರು, ಚೀನಾ ಅಲ್ಲ.

ಜಿಐ ಇದೆಯಲ್ಲ ಎನ್ನುತ್ತೀರಿ. ಅದು ಊರಿನ ಹೆಸರು ಕಾಯುತ್ತದೆ, ನಿಮ್ಮ ಮನೆಯ ಹೆಸರನ್ನಲ್ಲ. ಜರ್ಮನಿಯ ಸ್ಟೈಫ್ ಮನೆತನದವರು, ತಮ್ಮ ಬಟ್ಟೆಗೊಂಬೆಗಳನ್ನು ಕಂಡಕಂಡವರು ನಕಲು ಮಾಡತೊಡಗಿದಾಗ, 1904ರಲ್ಲಿ ಪ್ರತಿ ಗೊಂಬೆಯ ಕಿವಿಗೆ ಲೋಹದ ಗುಂಡಿ ಹೊಡೆಯುವುದು ಶುರು ಮಾಡಿದರು. ಇಂದಿಗೂ ಹೊಡೆಯುತ್ತಾರೆ. ನಿಮ್ಮ ಲೇತಿನಿಂದ ಇಳಿಯುವ ಕುದುರೆಯ ಅಡಿಗೆ, ಗಿಲಕಿಯ ಹಿಡಿಗೆ ಒಂದು ಮುದ್ರೆ ಒತ್ತಲು ಎಷ್ಟು ಖರ್ಚಾದೀತು?

ಬರುವ ದಸರಾ ಆರ್ಡರು ಕೈಗೆ ಬರುವ ಮುಂಚೆ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರನ್ನೂ ಒಂದು ಕಡೆ ಕೂರಿಸಿ. ಹೆಣ್ಣುಮಕ್ಕಳನ್ನು ಕಾಫಿ ತರಲು ಒಳಗೆ ಕಳಿಸಬೇಡಿ. ಯಾರು ಮಾಡುತ್ತಾರೆ, ಯಾರು ಮಾರುತ್ತಾರೆ, ಒಪ್ಪದಿದ್ದವರಿಗೆ ಪಾಲು ಹೇಗೆ, ಕೊನೆಯ ಮಾತು ಯಾರದು ಎಂದು ಛಾಪಾ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ. ಮನೆ ಹೆಸರಿನ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿ. ಆಮೇಲೆ ಪಕ್ಕದ ಅಂಗಡಿಯವರ ಹತ್ತಿರ ಹೋಗಿ, ಬಣ್ಣದಲ್ಲಿ ಮೋಸ ಮಾಡುವುದಿಲ್ಲ, ಇಂತಿಷ್ಟು ದರಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಎರಡು ಮಾತಿಗೆ ಅವರನ್ನೂ ಒಪ್ಪಿಸಿ. ವಿನ್ಯಾಸದಲ್ಲಿ ಎಷ್ಟು ಬೇಕಾದರೂ ಪೈಪೋಟಿ ಮಾಡಿ, ಗೊಂಬೆ ಕೊಳ್ಳುವ ನಮಗೆ ಅದರಿಂದ ಲಾಭವೇ. ಹಿರಿಯರು ಗೊಣಗುತ್ತಾರೆ, ಇಷ್ಟು ದಿನ ಇಲ್ಲದ್ದು ಈಗೇಕೆ ಎನ್ನುತ್ತಾರೆ. ಗೊಣಗಲಿ, ಆದರೆ ಸಹಿ ಹಾಕಿಸದೆ ಏಳಬೇಡಿ.

ಇತಿ,
ನಿಮ್ಮೂರ ಗೊಂಬೆಗಳ ಒಬ್ಬ ಗಿರಾಕಿ